ಜೀವಿಯ ಲಕ್ಷಣ, ಜೀವಕ್ಕೆ ಬೇಕಾದ ಪರಿಸ್ಥಿತಿ: ಮಲೆನಾಡಿನ ಹಿತ್ತಲಲ್ಲಿ ಹಂತಹಂತವಾಗಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಕೊನೆಯಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ಯಾವುದೇ ಜಂಬಿಟ್ಟಿಗೆ ಗೋಡೆಯ ಮೇಲಿನ ಹಾವಸೆಯನ್ನು ಬೆರಳಿನಿಂದ ಉಜ್ಜಿದರೆ ಅದು ಕಂದು ಪುಡಿಯಾಗಿ ಉದುರುತ್ತದೆ. ಅದು ಚಲಿಸುವುದಿಲ್ಲ, ಬೆಳೆಯುವುದಿಲ್ಲ, ಮುಟ್ಟಿದರೆ ಪ್ರತಿಕ್ರಿಯಿಸುವುದಿಲ್ಲ. ಶಾಲೆಯ ಪಾಠದಲ್ಲಿರುವ ಲಕ್ಷಣಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದನ್ನು ನಿರ್ಜೀವ ವಸ್ತುಗಳ ಸಾಲಿಗೇ ಸೇರಿಸಬೇಕಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದೇ ಗೋಡೆ ಹಸಿರಾಗಿ ನಿಂತಿರುತ್ತದೆ. ಜೀವಿಯ ಲಕ್ಷಣಗಳು ಅದಕ್ಕೆ ತಕ್ಕ ಪರಿಸ್ಥಿತಿ ಒದಗಿದಾಗ ಮಾತ್ರ ಹೊರಗೆ ಕಾಣುತ್ತವೆ, ಆದ್ದರಿಂದ ‘ಜೀವಿಗಳ ಲಕ್ಷಣಗಳು’ ಮತ್ತು ‘ಜೀವಕ್ಕೆ ಬೇಕಾದ ಪರಿಸ್ಥಿತಿಗಳು’ ಎಂಬ ಎರಡು ಪಾಠಗಳನ್ನು ಬಿಡಿಸಿ ಕಲಿಸದೆ ಒಟ್ಟಿಗೇ ಪರೀಕ್ಷಿಸಿ ನೋಡಬೇಕು ಎಂಬುದು ಈ ಮಾರ್ಗದರ್ಶಿಯ ನಿಲುವು.

ಇಲ್ಲಿ ವಿವರಿಸಿರುವ ಪರೀಕ್ಷೆಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಶಿಕ್ಷಕರ ಅಥವಾ ಮನೆಯ ಹಿರಿಯರ ಜೊತೆಯಲ್ಲಿ ಮಾಡಬಹುದು. ಬೇಕಾಗುವ ಸಾಮಗ್ರಿಗಳಲ್ಲಿ ಹೆಚ್ಚಿನವು ಮನೆಯಲ್ಲೇ ಇರುತ್ತವೆ: ಹೆಸರುಕಾಳು, ಬಿತ್ತನೆಯ ಭತ್ತ, ಎಲೆಗೆ ಹಚ್ಚುವ ಸುಣ್ಣ, ದೋಸೆ ಹಿಟ್ಟು, ಪಟಿಕ, ಹತ್ತಿ, ಅಗಲ ಬಾಯಿಯ ಗಾಜಿನ ಬಾಟಲಿಗಳು, ಒಂದು ಥರ್ಮಾಮೀಟರ್, ಒಂದು ಮಸೂರ. ಕಾಗದದಿಂದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಅಗ್ಗದ ಸೂಕ್ಷ್ಮದರ್ಶಕ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದು ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಮೊದಲು ಪಟ್ಟಿಯನ್ನು ಅನುಮಾನಿಸಿ

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವ ಲಕ್ಷಣಗಳು ಇವು: ಜೀವಕೋಶಗಳಿಂದಾದ ರಚನೆ, ಪೋಷಣೆ, ಉಸಿರಾಟ, ಬೆಳವಣಿಗೆ, ಚಲನೆ, ಪ್ರಚೋದನೆಗೆ ಪ್ರತಿಕ್ರಿಯೆ, ವಿಸರ್ಜನೆ ಮತ್ತು ಸಂತಾನೋತ್ಪತ್ತಿ. ದೇಹದ ಒಳಗಿನ ಸ್ಥಿತಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಸಮಸ್ಥಿತಿಯನ್ನೂ, ತಾಯಿತಂದೆಯ ಗುಣಗಳು ಮುಂದಿನ ತಲೆಮಾರಿಗೆ ಸಾಗುವ ಆನುವಂಶೀಯತೆಯನ್ನೂ ಇದಕ್ಕೆ ಸೇರಿಸಬೇಕು. ಇವುಗಳಲ್ಲಿ ಯಾವ ಒಂದನ್ನೇ ತೆಗೆದುಕೊಂಡರೂ ಮೋಸಹೋಗುವ ಸಾಧ್ಯತೆಯಿದೆ. ದೀಪದ ಜ್ವಾಲೆ ಆಮ್ಲಜನಕವನ್ನು ಬಳಸುತ್ತದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅಲುಗಾಡುತ್ತದೆ, ಒಂದರಿಂದ ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ. ಆದರೆ ಅದಕ್ಕೆ ಜೀವಕೋಶವಿಲ್ಲ, ಆನುವಂಶೀಯತೆಯೂ ಇಲ್ಲ. ಯಾವ ಬೆಂಕಿಕಡ್ಡಿಯಿಂದ ಹಚ್ಚಿದರೂ ಎಣ್ಣೆಯ ದೀಪ ಎಣ್ಣೆಯ ದೀಪದಂತೆಯೇ ಉರಿಯುತ್ತದೆ. ಚಲನೆಯಂತೂ ಎಲ್ಲಕ್ಕಿಂತ ದುರ್ಬಲವಾದ ಸಾಕ್ಷಿ. ತುಂಗೆಯ ನೀರು ಸದಾ ಚಲಿಸುತ್ತದೆ, ಅಡಿಕೆ ಮರದ ಕಾಂಡಕ್ಕೆ ಅಂಟಿದ ಕಲ್ಲುಹೂವು ನಮ್ಮ ಜೀವಮಾನದಲ್ಲಿ ಒಂದು ಗೇಣೂ ಸರಿಯುವುದಿಲ್ಲ.

ಆದ್ದರಿಂದ ಎರಡು ನಿಯಮಗಳನ್ನು ಮೊದಲೇ ಒಪ್ಪಿಕೊಳ್ಳಬೇಕು. ಒಂದೇ ಲಕ್ಷಣವನ್ನು ನೋಡಿ ತೀರ್ಮಾನಿಸಬಾರದು. ಪ್ರತಿ ಪರೀಕ್ಷೆಯ ಪಕ್ಕದಲ್ಲೂ ಒಂದು ಹೋಲಿಕೆಯ ಪಾತ್ರೆ ಇರಬೇಕು. ಅದರಲ್ಲಿ ಒಂದು ಅಂಶವನ್ನು ಬಿಟ್ಟು ಉಳಿದದ್ದೆಲ್ಲ ಮೂಲ ಪಾತ್ರೆಯಲ್ಲಿರುವಂತೆಯೇ ಇರಬೇಕು. ಈ ಎರಡನೆಯ ನಿಯಮವನ್ನು ಬಿಟ್ಟರೆ ಮುಂದಿನ ಯಾವ ಹಂತಕ್ಕೂ ಬೆಲೆಯಿಲ್ಲ.

ಹಂತ 1: ವಸ್ತುಗಳನ್ನು ಆರಿಸಿ, ದಾಖಲೆಯ ಪುಸ್ತಕ ತೆರೆಯಿರಿ

ಹಿತ್ತಲಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗವನ್ನು ನಾಲ್ಕು ಗೂಟ ಹೊಡೆದು ಹುರಿ ಕಟ್ಟಿ ಗುರುತಿಸಿ. ಅದರೊಳಗೆ ಕಾಣುವ ವಸ್ತುಗಳಲ್ಲಿ ಹತ್ತನ್ನು ಆರಿಸಿ ಬರೆದುಕೊಳ್ಳಿ. ಸ್ಪಷ್ಟವಾಗಿ ಜೀವವಿರುವ ಮತ್ತು ಇಲ್ಲದ ವಸ್ತುಗಳಿಗಿಂತ ಅನುಮಾನ ಹುಟ್ಟಿಸುವ ವಸ್ತುಗಳು ಹೆಚ್ಚಿರಲಿ. ಒಣಗಿದ ಹಾವಸೆ, ಕಲ್ಲುಹೂವು, ಬಿದ್ದ ಅಡಿಕೆ, ಉದುರಿದ ಹಸಿರೆಲೆ, ಕೊಳೆಯುತ್ತಿರುವ ಸೋಗೆ, ಖಾಲಿ ಬಸವನಹುಳದ ಚಿಪ್ಪು, ಹುತ್ತದ ಮಣ್ಣು, ತುಕ್ಕು ಹಿಡಿದ ಮೊಳೆ ಇಂಥವು ಚರ್ಚೆಗೆ ಒಳ್ಳೆಯ ವಸ್ತುಗಳು. ವಸ್ತುಗಳನ್ನು ಎರಡರ ಬದಲು ಮೂರು ಗುಂಪು ಮಾಡುವುದು ಉತ್ತಮ: ಈಗ ಜೀವವಿರುವುದು, ಹಿಂದೆ ಜೀವವಿದ್ದದ್ದು ಅಥವಾ ಜೀವಿಯಿಂದ ಬಂದದ್ದು, ಎಂದೂ ಜೀವವಿಲ್ಲದ್ದು. ಚಿಪ್ಪು ಮತ್ತು ಸೋಗೆ ಎರಡನೆಯ ಗುಂಪಿಗೆ ಸೇರುತ್ತವೆ, ಆದರೆ ಸೋಗೆಯ ಮೇಲೆ ಹಬ್ಬಿರುವ ಬಿಳಿಯ ಶಿಲೀಂಧ್ರದ ಎಳೆಗಳು ಮೊದಲನೆಯದಕ್ಕೆ.

ಪುಸ್ತಕದ ಪ್ರತಿ ಪುಟದಲ್ಲಿ ದಿನಾಂಕ, ಹೊತ್ತು, ನೆರಳಿನಲ್ಲಿ ಅಳೆದ ಉಷ್ಣತೆ, ಮಳೆ ಬಂದಿತ್ತೇ ಇಲ್ಲವೇ ಎಂಬುದನ್ನು ಬರೆಯಲೇಬೇಕು. ಕಂಡದ್ದನ್ನು ಎಡಕ್ಕೂ ಊಹಿಸಿದ್ದನ್ನು ಬಲಕ್ಕೂ ಬರೆಯುವ ಅಭ್ಯಾಸ ಮಾಡಿಸಿದರೆ ಮಕ್ಕಳು ‘ಬೀಜ ಸತ್ತಿದೆ’ ಎಂದು ಬರೆಯುವ ಬದಲು ‘ಬೀಜ ಐದು ದಿನಗಳಾದರೂ ಮೊಳೆತಿಲ್ಲ’ ಎಂದು ಬರೆಯಲು ಕಲಿಯುತ್ತಾರೆ.

ಹಂತ 2: ಉಸಿರಾಟವನ್ನು ಸುಣ್ಣದ ತಿಳಿನೀರಿನಿಂದ ಹಿಡಿಯಿರಿ

ಲಕ್ಷಣಗಳಲ್ಲಿ ಉಸಿರಾಟವನ್ನೇ ಮೊದಲು ತೆಗೆದುಕೊಳ್ಳಲು ಕಾರಣವಿದೆ. ಆಹಾರದಿಂದ ಶಕ್ತಿಯನ್ನು ಬಿಡಿಸಿಕೊಳ್ಳುವ ಕೆಲಸ ನಿಂತರೆ ಉಳಿದ ಲಕ್ಷಣಗಳೂ ನಿಲ್ಲುತ್ತವೆ, ಮತ್ತು ಅಲುಗಾಡದ ಜೀವಿಯಲ್ಲೂ ಇದನ್ನು ರಾಸಾಯನಿಕವಾಗಿ ಪತ್ತೆ ಮಾಡಬಹುದು.

ಎಲೆಗೆ ಹಚ್ಚುವ ಸುಣ್ಣವನ್ನು ಒಂದು ಚಮಚದಷ್ಟು ತೆಗೆದುಕೊಂಡು ಒಂದು ಲೀಟರ್ ನೀರಿನಲ್ಲಿ ಚೆನ್ನಾಗಿ ಕದಡಿ, ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸುಣ್ಣ ತಳಕ್ಕೆ ಇಳಿದು ಮೇಲೆ ಕನ್ನಡಿಯಂತೆ ತಿಳಿಯಾದ ನೀರು ನಿಂತಿರುತ್ತದೆ. ಅದನ್ನು ಕದಡದ ಹಾಗೆ ಬೇರೆ ಬಾಟಲಿಗೆ ಬಗ್ಗಿಸಿಕೊಂಡು ಕೂಡಲೇ ಮುಚ್ಚಿಡಿ. ಸುಣ್ಣದ ನೀರು ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಈ ಭಾಗವನ್ನು ದೊಡ್ಡವರೇ ಮಾಡಬೇಕು. ಅದೇ ರಾತ್ರಿ ಎರಡು ಹಿಡಿ ಹೆಸರುಕಾಳನ್ನು ನೆನೆಹಾಕಿ, ಮರುದಿನ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಮೂತಿ ಕಾಣಿಸಿದ ಮೇಲೆ ಅದರಲ್ಲಿ ಅರ್ಧವನ್ನು ಹತ್ತು ನಿಮಿಷ ಕುದಿಸಿ, ತಣಿಸಿ, ನೀರು ಬಸಿಯಿರಿ.

ಈಗ ಒಂದೇ ಅಳತೆಯ ಮೂರು ಬಾಟಲಿಗಳು ಬೇಕು. ಮೊದಲನೆಯದರಲ್ಲಿ ಮೊಳಕೆಕಾಳು, ಎರಡನೆಯದರಲ್ಲಿ ಕುದಿಸಿದ ಕಾಳು, ಮೂರನೆಯದರಲ್ಲಿ ಒದ್ದೆ ಹತ್ತಿ ಮಾತ್ರ. ಪ್ರತಿಯೊಂದರೊಳಗೂ ಸುಣ್ಣದ ತಿಳಿನೀರು ತುಂಬಿದ ಒಂದು ಪುಟ್ಟ ಬಟ್ಟಲನ್ನು ಇಳಿಸಿ, ಗಾಳಿಯಾಡದಂತೆ ಮುಚ್ಚಿ. ಕೆಲವು ಗಂಟೆಗಳಲ್ಲಿ ಮೊದಲನೆಯ ಬಾಟಲಿಯ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ ಅಥವಾ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಮೊಳಕೆಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಕರಗಿದ ಸುಣ್ಣದೊಂದಿಗೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ. ಉಳಿದ ಎರಡು ಬಾಟಲಿಗಳಲ್ಲೂ ತೆಳುವಾದ ಪೊರೆ ಕಾಣಬಹುದು, ಏಕೆಂದರೆ ಹೊರಗಿನ ಗಾಳಿಯಲ್ಲೂ ಆ ಅನಿಲ ಸ್ವಲ್ಪ ಇದ್ದೇ ಇರುತ್ತದೆ. ಬರಿಯ ಹತ್ತಿಯ ಬಾಟಲಿ ಇಲ್ಲದಿದ್ದರೆ ಎಷ್ಟು ಬಿಳುಪು ಗಾಳಿಯದು, ಎಷ್ಟು ಕಾಳಿನದು ಎಂದು ಹೇಳುವುದೇ ಸಾಧ್ಯವಾಗುತ್ತಿರಲಿಲ್ಲ.

ಫಲಿತಾಂಶವನ್ನು ಆರೇಳು ಗಂಟೆಯೊಳಗೆ ನೋಡಿ ಮುಗಿಸಬೇಕು. ಮಲೆನಾಡಿನ ತೇವದ ಹವೆಯಲ್ಲಿ ಬೇಯಿಸಿದ ಕಾಳು ಮರುದಿನಕ್ಕೇ ಹಳಸಿ ಲೋಳೆ ಬಿಡುತ್ತದೆ. ಆಗ ಕುದಿಸಿದ ಕಾಳಿನ ಬಾಟಲಿಯ ನೀರೂ ಬೆಳ್ಳಗಾಗುತ್ತದೆ. ಅದು ಪರೀಕ್ಷೆಯ ಸೋಲು ಎಂದು ತಿಳಿಯಬೇಕಾಗಿಲ್ಲ, ಅಲ್ಲಿ ಉಸಿರಾಡುತ್ತಿರುವುದು ಕಾಳಿನ ಮೇಲೆ ಬೆಳೆದ ಬ್ಯಾಕ್ಟೀರಿಯಾ. ಬೇಕಿದ್ದರೆ ಆ ಬಾಟಲಿಯನ್ನು ಎರಡನೆಯ ದಿನದವರೆಗೂ ಇಟ್ಟು ಇದನ್ನೇ ಪ್ರತ್ಯೇಕವಾಗಿ ತೋರಿಸಬಹುದು, ಮೂಗು ಮುಚ್ಚಿಕೊಳ್ಳಲು ಸಿದ್ಧರಿದ್ದರೆ.

ಉಸಿರಾಟದಲ್ಲಿ ಬಿಡುಗಡೆಯಾಗುವ ಶಕ್ತಿಯ ಒಂದು ಪಾಲು ಶಾಖವಾಗಿ ಹೋಗುತ್ತದೆ. ಮೊಳಕೆಕಾಳನ್ನು ಫ್ಲಾಸ್ಕಿನಲ್ಲಿ ಮುಕ್ಕಾಲು ತುಂಬಿ, ಥರ್ಮಾಮೀಟರ್ ಇಳಿಸಿ, ಬಾಯಿಯನ್ನು ಹತ್ತಿಯಿಂದ ಮುಚ್ಚಿ ಮರುದಿನ ನೋಡಿದರೆ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚು ಕಾಣುತ್ತದೆ. ಸಸಿಮಡಿಗೆ ಭತ್ತವನ್ನು ಮೊಳಕೆಗೆ ಕಟ್ಟಿದ ಗೋಣಿಯೊಳಗೆ ಕೈ ಹಾಕಿ ನೋಡಿದವರಿಗೆ ಈ ಬಿಸಿ ಹೊಸದೇನೂ ಅಲ್ಲ.

ಹಂತ 3: ಬೆಳವಣಿಗೆ ಎಲ್ಲಿಂದ ಆಗುತ್ತಿದೆ ಎಂದು ನೋಡಿ

ಹರಳುಗಳೂ ಬೆಳೆಯುತ್ತವೆ. ಬಿಸಿನೀರಿನಲ್ಲಿ ಇನ್ನು ಕರಗದು ಎನ್ನುವಷ್ಟು ಪಟಿಕ ಕರಗಿಸಿ, ಅದರೊಳಗೆ ಒಂದು ಸಣ್ಣ ಪಟಿಕದ ಹರಳನ್ನು ದಾರದಲ್ಲಿ ಇಳಿಬಿಟ್ಟು ಒಂದು ವಾರ ಅಲುಗಾಡಿಸದೆ ಇಡಿ. ಪಕ್ಕದಲ್ಲಿ ಮೊಳೆತ ಹೆಸರುಗಿಡವೊಂದನ್ನು ಬೆಳೆಸಿ, ಅದರ ಬೇರಿನ ಮೇಲೆ ಎರಡು ಮಿಲಿಮೀಟರ್‌ಗೆ ಒಂದರಂತೆ ಶಾಯಿಯ ಗೆರೆ ಎಳೆಯಿರಿ. ಅಡಿಕೆಗೆ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ತೋಟದ ಮನೆಗಳಲ್ಲಿ ಸುಲಭವಾಗಿ ಸಿಗುತ್ತದೆ, ಅದರ ನೀಲಿ ಹರಳು ಚೆಂದವಾಗಿಯೂ ಬೆಳೆಯುತ್ತದೆ. ಆದರೆ ಅದು ವಿಷ, ಮಕ್ಕಳ ಕೈಗೆ ಕೊಡುವ ವಸ್ತುವಲ್ಲ. ಪಟಿಕವೇ ಸಾಕು.

ಹರಳಿಗೆ ಹೊರಗಿನಿಂದ ಪದರ ಪದರವಾಗಿ ಅದೇ ವಸ್ತು ಬಂದು ಅಂಟಿಕೊಳ್ಳುತ್ತದೆ. ಬೇರಿನ ಮೇಲಿನ ಗೆರೆಗಳಾದರೋ ಎಲ್ಲ ಕಡೆ ಸಮನಾಗಿ ದೂರ ಸರಿಯುವುದಿಲ್ಲ, ತುದಿಯ ಸ್ವಲ್ಪ ಹಿಂದಿನ ಭಾಗದಲ್ಲಿ ಮಾತ್ರ ಒಂದರಿಂದೊಂದು ಅಗಲುತ್ತವೆ. ಅಲ್ಲಿ ಜೀವಕೋಶಗಳು ಹೊಸದಾಗಿ ಹುಟ್ಟಿ ಉದ್ದವಾಗುತ್ತಿವೆ. ಜೀವಿ ತಾನು ತೆಗೆದುಕೊಂಡ ವಸ್ತುವನ್ನು ಬೇರೆ ವಸ್ತುವಾಗಿ ಮಾರ್ಪಡಿಸಿಕೊಂಡು ಒಳಗಿನಿಂದ ಬೆಳೆಯುತ್ತದೆ ಎಂಬ ವ್ಯತ್ಯಾಸ ಈ ಎರಡು ಲೋಟಗಳನ್ನು ಪಕ್ಕಪಕ್ಕ ಇಟ್ಟಾಗ ಬಾಯಿಪಾಠವಿಲ್ಲದೆ ತಿಳಿಯುತ್ತದೆ.

ಹಂತ 4: ಪ್ರತಿಕ್ರಿಯೆಯನ್ನು ಅಳೆಯಿರಿ

ಮುಟ್ಟಿದರೆ ಮುನಿ ರಸ್ತೆ ಬದಿಯಲ್ಲೆಲ್ಲ ಇದೆ, ಎಲ್ಲರೂ ಮುಟ್ಟಿಯೂ ನೋಡಿದ್ದಾರೆ. ಆದರೆ ಅಳೆದು ನೋಡಿದವರು ಕಡಿಮೆ. ಒಂದೇ ಗಿಡದ ಮೂರು ಎಲೆಗಳನ್ನು ಆರಿಸಿ, ಒಂದರ ತುದಿಯನ್ನು ಹುಲ್ಲುಕಡ್ಡಿಯಿಂದ ಮೃದುವಾಗಿ ಮುಟ್ಟಿ, ಇನ್ನೊಂದರ ಮೇಲೆ ಒಂದು ಹನಿ ನೀರು ಬೀಳಿಸಿ, ಮೂರನೆಯದರ ಮೇಲೆ ಊದಿ. ಎಷ್ಟು ಜೋಡಿ ಕಿರುಎಲೆಗಳು ಮುಚ್ಚಿದವು, ಮತ್ತೆ ಪೂರ್ತಿ ಬಿಚ್ಚಿಕೊಳ್ಳಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದುಕೊಳ್ಳಿ. ಸಾಮಾನ್ಯವಾಗಿ 10ರಿಂದ 20 ನಿಮಿಷ ಹಿಡಿಯುತ್ತದೆ. ಕಿರುಎಲೆಯ ಬುಡದಲ್ಲಿರುವ ಉಬ್ಬಿದ ಭಾಗದ ಕೋಶಗಳಿಂದ ನೀರು ಥಟ್ಟನೆ ಹೊರಹೋಗಿ ಬಿಗಿ ಸಡಿಲವಾಗುವುದರಿಂದ ಎಲೆ ಮಡಚಿಕೊಳ್ಳುತ್ತದೆ. ಇಲ್ಲಿ ಸ್ನಾಯುಗಳೂ ಇಲ್ಲ, ನರಗಳೂ ಇಲ್ಲ. ಬೆಳಗಿನ ಹೊತ್ತು ಮತ್ತು ಸಂಜೆ ಎಲೆಗಳು ತಾವಾಗಿಯೇ ಮುಚ್ಚತೊಡಗಿದ ಮೇಲೆ ಇದೇ ಪರೀಕ್ಷೆಯನ್ನು ಮಾಡಿ ಹೋಲಿಸಿ.

ಮಳೆಗಾಲದಲ್ಲಿ ಇದಕ್ಕಿಂತ ಚುರುಕಾದ ಉದಾಹರಣೆ ಕಾಲಿನ ಬಳಿಯೇ ಬರುತ್ತದೆ. ಎಲೆಯ ತುದಿಯಲ್ಲಿ ನಿಂತ ಇಂಬಳದ ಕಡೆಗೆ ಒಂದು ಗೇಣು ದೂರದಿಂದ ಬಾಯಿ ತೆರೆದು ಉಸಿರು ಬಿಟ್ಟರೆ ಅದು ದೇಹವನ್ನು ಚಾಚಿ ಆ ದಿಕ್ಕಿಗೆ ತೂಗತೊಡಗುತ್ತದೆ. ನಮ್ಮ ಉಸಿರಿನ ಬಿಸಿಯೂ ಇಂಗಾಲದ ಡೈಆಕ್ಸೈಡೂ ಅದಕ್ಕೆ ಊಟ ಹತ್ತಿರವಿದೆ ಎಂಬ ಸೂಚನೆ. ಕಲ್ಲಿನ ಮೇಲೆ ಎಷ್ಟು ಊದಿದರೂ ಹೀಗಾಗದು.

ಹಂತ 5: ಉಳಿದ ಲಕ್ಷಣಗಳು

ಜೀವಕೋಶವನ್ನು ನೋಡಲು ಈರುಳ್ಳಿಯ ಒಳಪದರದ ತೆಳು ಪೊರೆ ಸುಲಭ. ಇಟ್ಟಿಗೆ ಜೋಡಿಸಿದಂತಹ ಕೋಶಗಳು ಫೋಲ್ಡ್‌ಸ್ಕೋಪಿನಲ್ಲೂ ಕಾಣುತ್ತವೆ. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಬೆಂಡಿನ ತುಣುಕಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು ಎಂಬುದನ್ನು ಇಲ್ಲಿ ನೆನಪಿಸುವುದು ಒಳ್ಳೆಯದು: ಕೋಶದ ರಚನೆ ಕಂಡ ಮಾತ್ರಕ್ಕೆ ಆ ವಸ್ತು ಈಗ ಬದುಕಿದೆ ಎಂದಾಗುವುದಿಲ್ಲ.

ಸಂತಾನೋತ್ಪತ್ತಿಯನ್ನು ಒಂದೊಂದು ಜೀವಿಗೂ ಅನ್ವಯಿಸಿದರೆ ಗೊಂದಲವಾಗುತ್ತದೆ. ಹುತ್ತದಲ್ಲಿ ಕೆಲಸ ಮಾಡುವ ಗೆದ್ದಲುಗಳು ಮರಿ ಮಾಡುವುದಿಲ್ಲ, ಆ ಕೆಲಸ ರಾಣಿ ಮತ್ತು ರಾಜನದು. ಹೇಸರಗತ್ತೆಗೆ ಸಾಮಾನ್ಯವಾಗಿ ಮರಿಯೇ ಆಗುವುದಿಲ್ಲ. ಅಡಿಕೆ ತೋಟದ ನಡುವಿನ ಬಾಳೆಗೆ ಬೀಜವಿಲ್ಲದಿದ್ದರೂ ಕಂದುಗಳಿಂದ ವಂಶ ಸಾಗುತ್ತದೆ. ಆದ್ದರಿಂದ ಈ ಲಕ್ಷಣವನ್ನು ಜಾತಿಗೆ ಅನ್ವಯಿಸಬೇಕು, ವ್ಯಕ್ತಿಗೆ ಅಲ್ಲ.

ಸಮಸ್ಥಿತಿಗೆ ಒಂದು ಥರ್ಮಾಮೀಟರ್ ಸಾಕು. ಬೆಳಿಗ್ಗೆ ಆರಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ಅಂಗಳದ ಕಲ್ಲಿನ ಉಷ್ಣತೆಯನ್ನೂ ಜ್ವರ ನೋಡುವ ಥರ್ಮಾಮೀಟರಿನಿಂದ ನಮ್ಮ ಬಾಯಿಯ ಉಷ್ಣತೆಯನ್ನೂ ಅಳೆಯಿರಿ. ಕಲ್ಲು ಬಿಸಿಲಿನ ಜೊತೆ ಏರಿ ಇಳಿಯುತ್ತದೆ, ದೇಹ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಕಪ್ಪೆಯ ದೇಹದ ಉಷ್ಣತೆ ಸುತ್ತಲಿನ ಪರಿಸರದ ಜೊತೆ ಬದಲಾಗುತ್ತದೆಯಾದರೂ ಅದರ ರಕ್ತದ ಉಪ್ಪಿನಂಶ, ನೀರಿನಂಶಗಳು ನಿಯಂತ್ರಣದಲ್ಲೇ ಇರುತ್ತವೆ.

ಹಂತ 6: ಗಡಿಯಲ್ಲಿ ನಿಂತದ್ದನ್ನು ಚರ್ಚಿಸಿ

ವೈರಸ್ ಜೀವಿಯೇ ಎಂಬ ಪ್ರಶ್ನೆಗೆ ಶಿವಮೊಗ್ಗ ಜಿಲ್ಲೆಯವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ವೈರಸ್ಸೇ ಮಂಗನ ಕಾಯಿಲೆಯದು. ಆ ಕಾಡಿನ ಹೆಸರಿನಿಂದಲೇ ಅದನ್ನು ಪ್ರಪಂಚದ ವೈದ್ಯಶಾಸ್ತ್ರ ಕರೆಯುತ್ತದೆ. ಉಣುಗು ಕಚ್ಚಿದಾಗ ಅದು ಮನುಷ್ಯನ ದೇಹವನ್ನು ಸೇರುತ್ತದೆ. ಈ ವೈರಸ್ಸಿಗೆ ಆನುವಂಶೀಯ ವಸ್ತುವಿದೆ, ಅದು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ, ಕಾಲಕ್ರಮದಲ್ಲಿ ಬದಲಾಗುತ್ತದೆ. ಆದರೆ ಅದಕ್ಕೆ ಸ್ವಂತ ಜೀವಕೋಶವಿಲ್ಲ, ಉಸಿರಾಟವಿಲ್ಲ. ಉಣುಗಿನ, ಮಂಗನ ಅಥವಾ ಮನುಷ್ಯನ ಕೋಶದ ಹೊರಗೆ ಅದು ಏನನ್ನೂ ಮಾಡಲಾರದು. 1935ರಲ್ಲಿ ಅಮೆರಿಕದ ವಿಜ್ಞಾನಿ ವೆಂಡೆಲ್ ಸ್ಟ್ಯಾನ್ಲಿ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ಸನ್ನು ಉಪ್ಪಿನಂತೆ ಹರಳುಗಟ್ಟಿಸಿದ ಮೇಲೆ ಈ ಪ್ರಶ್ನೆ ಇನ್ನೂ ಜಟಿಲವಾಯಿತು. ನನ್ನ ಅಭಿಪ್ರಾಯದಲ್ಲಿ ತರಗತಿಯಲ್ಲಿ ಇದಕ್ಕೆ ‘ಹೌದು’ ಅಥವಾ ‘ಇಲ್ಲ’ ಎಂದು ಬರೆಸುವುದಕ್ಕಿಂತ ಯಾವ ಲಕ್ಷಣಗಳಿವೆ, ಯಾವುವು ಇಲ್ಲ ಎಂದು ಎರಡು ಕಡೆ ಬರೆಸುವುದೇ ಸರಿ.

ಒಂದು ಎಚ್ಚರಿಕೆ ಇಲ್ಲಿಯೇ ಸೇರಬೇಕು. ಡಿಸೆಂಬರಿನಿಂದ ಮೇ ವರೆಗೆ ಮಂಗನ ಕಾಯಿಲೆಯ ಹಾವಳಿ ಇರುವ ಕಡೆ ಈ ಪರೀಕ್ಷೆಗಳಿಗಾಗಿ ಮಕ್ಕಳನ್ನು ಕಾಡಿನಲ್ಲಿ ದರಕು (ಉದುರಿದ ಒಣ ಎಲೆ) ಬಿದ್ದ ಕಡೆಗೆ ಕರೆದೊಯ್ಯಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಹಂತ 7: ಪರಿಸ್ಥಿತಿಗಳನ್ನು ಒಂದೊಂದಾಗಿ ಕಿತ್ತು ನೋಡಿ

ಜೀವಕ್ಕೆ ದ್ರವರೂಪದ ನೀರು, ಸಹಿಸಬಹುದಾದ ಉಷ್ಣತೆ, ಶಕ್ತಿಯ ಮೂಲ, ದೇಹ ಕಟ್ಟಲು ಬೇಕಾದ ಇಂಗಾಲ, ಸಾರಜನಕ, ರಂಜಕ ಮೊದಲಾದ ಧಾತುಗಳು ಬೇಕು. ಹೆಚ್ಚಿನ ಜೀವಿಗಳಿಗೆ ಆಮ್ಲಜನಕವೂ ಬೇಕು. ಇದನ್ನು ಪರೀಕ್ಷಿಸಲು ಐದೈದು ಲೋಟಗಳ ಎರಡು ಸಾಲು ಮಾಡಿ, ಒಂದು ಸಾಲಿಗೆ ಹೆಸರುಕಾಳು, ಇನ್ನೊಂದಕ್ಕೆ ಭತ್ತ ಹಾಕಿ, ಪ್ರತಿ ಲೋಟಕ್ಕೂ ಇಪ್ಪತ್ತು ಕಾಳು. ಭತ್ತ ಹಿಂದಿನ ವರ್ಷದ್ದಾಗಿರಲಿ, ಏಕೆಂದರೆ ಹೊಸದಾಗಿ ಕೊಯ್ದ ಭತ್ತ ಹಲವು ತಳಿಗಳಲ್ಲಿ ವಾರಗಟ್ಟಲೆ ಸುಪ್ತಾವಸ್ಥೆಯಲ್ಲಿರುತ್ತದೆ.

ಮೊದಲ ಲೋಟದಲ್ಲಿ ಒಣ ಹತ್ತಿ. ಎರಡನೆಯದರಲ್ಲಿ ಒದ್ದೆ ಹತ್ತಿ, ಕಿಟಕಿಯ ಬಳಿ. ಮೂರನೆಯದರಲ್ಲಿ ಒದ್ದೆ ಹತ್ತಿ, ಕತ್ತಲೆಯ ಕಪಾಟಿನಲ್ಲಿ. ನಾಲ್ಕನೆಯದರಲ್ಲಿ ಒದ್ದೆ ಹತ್ತಿ, ಫ್ರಿಜ್ಜಿನಲ್ಲಿ. ಐದನೆಯದರಲ್ಲಿ ಕುದಿಸಿ ತಣಿಸಿದ ನೀರನ್ನು ಕಂಠಮಟ್ಟ ತುಂಬಿ, ಮೇಲೆ ಅಡುಗೆ ಎಣ್ಣೆಯ ಒಂದು ಪದರ. ಕುದಿಸಿದಾಗ ಕರಗಿದ ಗಾಳಿ ಹೋಗುತ್ತದೆ, ಎಣ್ಣೆ ಹೊಸ ಗಾಳಿ ಸೇರುವುದನ್ನು ತಡೆಯುತ್ತದೆ. ದಿನವೂ ಒಂದೇ ಹೊತ್ತಿಗೆ ಮೊಳೆತ ಕಾಳುಗಳನ್ನು ಎಣಿಸಿ, ಐದು ದಿನ.

ಒಣ ಲೋಟದಲ್ಲಿ ಏನೂ ಆಗುವುದಿಲ್ಲ. ಕಿಟಕಿಯ ಬಳಿಯದು ಮೊಳೆಯುತ್ತದೆ, ಕತ್ತಲೆಯದೂ ಮೊಳೆಯುತ್ತದೆ. ಆದರೆ ಕತ್ತಲೆಯ ಮೊಳಕೆ ಬಿಳಿಚಿ ಉದ್ದವಾಗಿರುತ್ತದೆ. ಬೀಜದೊಳಗಿನ ಆಹಾರ ಇರುವವರೆಗೆ ಬೆಳಕಿಲ್ಲದೆಯೂ ನಡೆಯುತ್ತದೆ, ಅದು ಮುಗಿದ ಮೇಲೆ ಬೆಳಕೇ ಶಕ್ತಿಯ ಮೂಲ. ಫ್ರಿಜ್ಜಿನ ಕಾಳು ನೀರು ಹೀರಿ ಉಬ್ಬಿಯೂ ಮುಂದುವರಿಯುವುದಿಲ್ಲ, ಅಥವಾ ಬಹಳ ನಿಧಾನ. ಎಣ್ಣೆಯ ಕೆಳಗಿನ ಲೋಟ ಎಲ್ಲಕ್ಕಿಂತ ಕುತೂಹಲದ್ದು. ಹೆಸರು ಉಬ್ಬಿ, ಅಲ್ಲಿಗೇ ನಿಂತು, ಕೊನೆಗೆ ಕೊಳೆತ ವಾಸನೆ ಬರುತ್ತದೆ. ಭತ್ತದಿಂದ ಮಾತ್ರ ತೆಳ್ಳಗಿನ ಬಿಳಿಯ ಕುಡಿಯೊಂದು ಮೇಲಕ್ಕೆ ಚಾಚುತ್ತದೆ, ಬೇರು ಬರುವುದಿಲ್ಲ. ಆಮ್ಲಜನಕ ಇಲ್ಲದಿದ್ದರೂ ಭತ್ತ ತನ್ನ ಪಿಷ್ಟವನ್ನು ಒಡೆದು ಹುದುಗುವಿಕೆಯ ಮೂಲಕ ಅಷ್ಟಿಷ್ಟು ಶಕ್ತಿ ಪಡೆಯಬಲ್ಲದು, ಮತ್ತು ಆ ಶಕ್ತಿಯನ್ನೆಲ್ಲ ಕುಡಿಯನ್ನು ನೀರಿನಿಂದ ಮೇಲೆತ್ತುವುದಕ್ಕೇ ಹಾಕುತ್ತದೆ. ನೀರು ನಿಂತ ಗದ್ದೆಗೆ ಹೊಂದಿಕೊಂಡ ಬೆಳೆಗೆ ಇದು ತಕ್ಕದ್ದೇ. ‘ಜೀವಕ್ಕೆ ಆಮ್ಲಜನಕ ಬೇಕು’ ಎಂಬ ಒಂದು ಸಾಲಿನ ಉತ್ತರ ಈ ಎರಡು ಲೋಟಗಳ ಮುಂದೆ ಸಾಕಾಗುವುದಿಲ್ಲ. ಯಾವ ಜೀವಿಗೆ, ಎಷ್ಟು, ಯಾವ ಹಂತದಲ್ಲಿ ಎಂದು ಕೇಳಬೇಕಾಗುತ್ತದೆ.

ಇದೇ ರೀತಿ ಒಣಗುವಿಕೆಯನ್ನೂ ಎಲ್ಲ ಬೀಜಗಳು ಒಂದೇ ತೆರನಾಗಿ ತಾಳುವುದಿಲ್ಲ. ಹೆಸರುಕಾಳು ಒಣ ಡಬ್ಬಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಲಸಿನ ಬೀಜವನ್ನು ಹಾಗೆ ಒಣಗಿಸಿದರೆ ಅದು ಸತ್ತೇಹೋಗುತ್ತದೆ. ಹಲಸಿನ ಕಾಲದಲ್ಲಿ ಹತ್ತು ಬೀಜಗಳನ್ನು ಹಸಿಯಾಗಿಯೇ ನೆಟ್ಟು, ಹತ್ತನ್ನು ತಿಂಗಳ ಕಾಲ ಅಟ್ಟದ ಮೇಲೆ ಒಣಗಿಸಿ ನೆಟ್ಟು ನೋಡಿ.

ಹಂತ 8: ಉಷ್ಣತೆಗೆ ದೋಸೆ ಹಿಟ್ಟು, ಬೆಳಕಿಗೆ ನೀರಿನ ಕಳೆ

ಆಗ ತಾನೇ ರುಬ್ಬಿದ ದೋಸೆ ಹಿಟ್ಟನ್ನು ಮೂರು ಗಾಜಿನ ಲೋಟಗಳಿಗೆ ಅರ್ಧದವರೆಗೆ ಹಾಕಿ, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ. ಒಂದು ಫ್ರಿಜ್ಜಿನಲ್ಲಿ, ಒಂದು ಅಡುಗೆಮನೆಯ ಕಟ್ಟೆಯ ಮೇಲೆ, ಒಂದು ಬಚ್ಚಲ ಒಲೆಯ ಬೆಚ್ಚಗಿನ ಮಗ್ಗುಲಲ್ಲಿ ಇರಲಿ. ಎರಡು ಗಂಟೆಗೊಮ್ಮೆ ಎಷ್ಟು ಏರಿತು ಎಂದು ಅಳೆಯಿರಿ. ಆಷಾಢದ ಚಳಿಯಲ್ಲಿ ಕಟ್ಟೆಯ ಮೇಲಿನ ಹಿಟ್ಟು ಬೆಳಗಾದರೂ ಹುಳಿ ಬರದಿರುವುದು, ಒಲೆಯ ಬಳಿಯದು ಉಕ್ಕಿ ಸುರಿಯುವುದು ಮನೆಯವರಿಗೆಲ್ಲ ಗೊತ್ತಿರುವ ವಿಷಯ. ಬ್ಯಾಕ್ಟೀರಿಯಾಗಳ ಚಯಾಪಚಯ ಉಷ್ಣತೆಯ ಜೊತೆ ವೇಗವಾಗುತ್ತದೆ ಎಂಬುದಕ್ಕೆ ಅದು ನೇರ ಸಾಕ್ಷಿ. ಆದರೆ ಹಿಟ್ಟು ಬೆಂದುಹೋಗುವಷ್ಟು ಬಿಸಿಯಾದರೆ ಏರುವುದೂ ನಿಲ್ಲುತ್ತದೆ, ಕಿಣ್ವಗಳ ಪ್ರೋಟೀನು ರೂಪ ಕೆಟ್ಟು ಬ್ಯಾಕ್ಟೀರಿಯಾ ಸಾಯುತ್ತವೆ. ಫ್ರಿಜ್ಜಿನ ಲೋಟವನ್ನು ಮರುದಿನ ಹೊರಗಿಟ್ಟರೆ ಅದೂ ಏರುತ್ತದೆ. ತಣ್ಣಗಾಗಿ ನಿಂತದ್ದಕ್ಕೂ ಬೆಂದು ಸತ್ತದ್ದಕ್ಕೂ ಇರುವ ಅಂತರವನ್ನು ಪುಸ್ತಕದಲ್ಲಿ ಪ್ರತ್ಯೇಕವಾಗಿ ಬರೆಸಿ.

ಬೆಳಕಿನ ಪರೀಕ್ಷೆಯನ್ನು ಅಕ್ಟೋಬರಿನ ನಂತರ ಮಾಡುವುದು ಮೇಲು, ಜುಲೈಯಲ್ಲಿ ಬಿಸಿಲನ್ನು ಕಾಯುತ್ತಾ ಕೂರಬೇಕಾಗುತ್ತದೆ. ಕೆರೆಯ ಹೈಡ್ರಿಲ್ಲ ಕಳೆಯ ಒಂದು ಕಡ್ಡಿಯನ್ನು ಬುಡ ಮೇಲಾಗಿ ನೀರಿನಲ್ಲಿ ಮುಳುಗಿಸಿ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಬಿಸಿಲಿಗಿಡಿ. ಕತ್ತರಿಸಿದ ತುದಿಯಿಂದ ಹೊರಡುವ ಗುಳ್ಳೆಗಳನ್ನು ನಿಮಿಷಕ್ಕಿಷ್ಟು ಎಂದು ಎಣಿಸಿ, ನೆರಳಿಗೆ ಸರಿಸಿ ಮತ್ತೆ ಎಣಿಸಿ. ಸೋಡಾ ನೀರಿಗೆ ಇಂಗಾಲದ ಮೂಲವನ್ನು ಒದಗಿಸುತ್ತದೆ, ಗುಳ್ಳೆಗಳಲ್ಲಿ ಆಮ್ಲಜನಕ ಹೆಚ್ಚಿರುತ್ತದೆ.

ಹಂತ 9: ಊರಿನ ನೆಲವನ್ನು ಇದೇ ಕಣ್ಣಿನಿಂದ ಓದಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ನಗರಕ್ಕೆ ಅದರ ಒಂದು ಸಣ್ಣ ಪಾಲು ಮಾತ್ರ. ಈ ದಾರಿಯಲ್ಲಿ ಒಂದೇ ದಿನ ಪ್ರಯಾಣ ಮಾಡಿ ಮರದ ಕಾಂಡಗಳನ್ನು ಗಮನಿಸಿದರೆ ನೀರಿನ ಪ್ರಭಾವ ಕಣ್ಣಿಗೆ ಕಟ್ಟುತ್ತದೆ: ಆಗುಂಬೆಯ ಬಳಿ ಕಾಂಡವೆಲ್ಲ ಹಾವಸೆ, ಜರೀಗಿಡ, ಸೀತಾಳೆ (ಆರ್ಕಿಡ್) ಗಿಡಗಳಿಂದ ತುಂಬಿರುತ್ತದೆ, ಶಿವಮೊಗ್ಗ ಹತ್ತಿರವಾದಂತೆ ಕಾಂಡ ಬರಿದಾಗುತ್ತದೆ. ಆದರೆ ನೀರು ಹೆಚ್ಚಿದಷ್ಟೂ ಒಳ್ಳೆಯದು ಎಂದೇನಿಲ್ಲ. ಜಡಿಮಳೆ ಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದು ಹಾಕುವುದರಿಂದ ಮಲೆನಾಡಿನ ಮಣ್ಣು ಹುಳಿಯಾಗಿದೆ (ಆಮ್ಲೀಯವಾಗಿದೆ), ತೋಟಕ್ಕೆ ಸುಣ್ಣ ಹಾಕುವುದು ಅದಕ್ಕಾಗಿ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ ಬಣ್ಣದ ನೀರು ಹುಳಿಗೆ ಕೆಂಪಾಗುತ್ತದೆ, ಸುಣ್ಣದ ನೀರಿಗೆ ಹಸಿರಾಗುತ್ತದೆ. ನಿಂಬೆರಸ, ಹುಳಿ ಬಂದ ದೋಸೆ ಹಿಟ್ಟು, ಸೋಪಿನ ನೀರುಗಳನ್ನು ಇದರಿಂದ ಪರೀಕ್ಷಿಸಬಹುದು. ಮಣ್ಣಿನ ಹುಳಿ ಸೌಮ್ಯವಾದ್ದರಿಂದ ಅದಕ್ಕೆ ಮಣ್ಣು ಪರೀಕ್ಷೆಯ ಪ್ರಯೋಗಾಲಯವೇ ಬೇಕು.

ನೀರು ನಿಂತ ಮಣ್ಣಿನಲ್ಲಿ ಗಾಳಿಯ ಕೊರತೆ. ಜೋಗದಿಂದ ಹೆಚ್ಚು ದೂರವಿಲ್ಲದ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ನೀರು ನಿಂತ ಜೌಗು ಕಾಡಿನಲ್ಲಿ) ಮರಗಳ ಬೇರುಗಳು ಕೆಸರಿನಿಂದ ಮಂಡಿಯಂತೆ ಬಾಗಿ ಮೇಲೆದ್ದಿರುವುದು ಉಸಿರಾಟಕ್ಕಾಗಿಯೇ. ಎಣ್ಣೆಯ ಕೆಳಗಿನ ಭತ್ತವನ್ನು ನೋಡಿದ ವಿದ್ಯಾರ್ಥಿಗೆ ಆ ಬೇರುಗಳ ಅರ್ಥ ವಿವರಿಸಬೇಕಾಗುವುದಿಲ್ಲ.

ಹಂತ 10: ಒಣ ಹಾವಸೆಯ ತೀರ್ಮಾನ

ಮಳೆಗೆ ಮುಂಚೆ ಗೋಡೆಯಿಂದ ರೂಪಾಯಿ ಅಗಲದ ಮೂರು ತುಂಡು ಒಣ ಹಾವಸೆ ತೆಗೆಯಿರಿ. ಒಂದನ್ನು ಒಣದಾಗಿಯೇ ಇಡಿ. ಒಂದಕ್ಕೆ ಮಳೆನೀರು ಅಥವಾ ಬಾವಿಯ ನೀರು ಚಿಮುಕಿಸಿ. ಮೂರನೆಯದನ್ನು ಹತ್ತು ನಿಮಿಷ ಕುದಿಸಿ, ತಣಿಸಿ, ಅಷ್ಟೇ ನೀರು ಕೊಡಿ. ಮಸೂರದ ಕೆಳಗೆ ನೋಡಿದರೆ ನೀರು ಕೊಟ್ಟದ್ದು ಎಲೆ ಬಿಚ್ಚುತ್ತದೆ, ಕುದಿಸಿದ್ದರ ಎಲೆಗಳೂ ಬಿಚ್ಚಿಯೇ ಇರುತ್ತವೆ! ಒಣ ಎಲೆ ನೀರು ಹೀರಿ ಹರಡಿಕೊಳ್ಳುವುದು ಬರಿಯ ಭೌತಿಕ ಕ್ರಿಯೆ, ಸತ್ತ ಹಾವಸೆಯೂ ಅದನ್ನು ಮಾಡುತ್ತದೆ. ಆದ್ದರಿಂದ ತೀರ್ಮಾನಕ್ಕೆ ಎರಡು ಮೂರು ವಾರ ಕಾಯಬೇಕು. ಕುದಿಸಿದ್ದು ಬಣ್ಣಗೆಟ್ಟು ಬೂಷ್ಟು ಹಿಡಿಯುತ್ತದೆ, ಇನ್ನೊಂದರ ತುದಿಗಳಲ್ಲಿ ತಿಳಿಹಸಿರಿನ ಹೊಸ ಚಿಗುರು ಬರುತ್ತದೆ. ಒಣದಾಗಿಯೇ ಇಟ್ಟ ತುಂಡಿಗೆ ಆ ಮೇಲೆ ನೀರು ಕೊಟ್ಟು ನೋಡಿ. ಅದೂ ಚಿಗುರಿದರೆ ಇಷ್ಟು ದಿನ ಅದು ಸುಪ್ತಾವಸ್ಥೆಯಲ್ಲಿತ್ತು ಎಂದು ಬರೆಯಬಹುದು. ಹಾವಸೆಯನ್ನು ಹಿಂಡಿದ ನೀರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಂಟು ಕಾಲಿನ ನೀರುಕರಡಿಗಳು ಸಿಗುವುದುಂಟು. ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನೂ ಮೀರದ ಈ ಪ್ರಾಣಿಗಳು ಕೂಡ ಬೇಸಿಗೆಯನ್ನು ಮುದುಡಿ ಒಣಗಿದ ಸ್ಥಿತಿಯಲ್ಲೇ ಕಳೆಯಬಲ್ಲವು.

ಚಿಗುರಿದ ತುಂಡನ್ನು ಅಗಲ ಬಾಯಿಯ ಬಾಟಲಿಯಲ್ಲಿ ಸಾಕಬಹುದು. ತಳಕ್ಕೆ ಒಂದು ಅಂಗುಲ ಹೊಳೆಗಲ್ಲು, ಅದರ ಮೇಲೆ ಇದ್ದಿಲಿನ ಚೂರು, ಮೇಲೆ ಎರಡು ಅಂಗುಲ ಕಾನಿನ ಮಣ್ಣು ಹಾಕಿ, ಹಾವಸೆ ಕೂರಿಸಿ, ಮಣ್ಣು ಒದ್ದೆಯಾಗುವಷ್ಟು ನೀರು ಚಿಮುಕಿಸಿ ಮುಚ್ಚಿ. ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ, ಬಿಸಿಲಿಗಿಟ್ಟರೆ ಮುಚ್ಚಿದ ಗಾಜಿನೊಳಗೆ ಹಾವಸೆ ಬೆಂದುಹೋಗುತ್ತದೆ. ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ತೆಳುವಾಗಿ ಹನಿ ಕಟ್ಟಿ ಮಧ್ಯಾಹ್ನಕ್ಕೆ ಆರಿದರೆ ನೀರಿನ ಪ್ರಮಾಣ ಸರಿಯಿದೆ. ದಿನವಿಡೀ ಹನಿ ಇಳಿಯುತ್ತಿದ್ದರೆ ಒಂದು ಹಗಲು ಮುಚ್ಚಳ ತೆಗೆದಿಡಿ; ಬಿಳಿ ಬೂಷ್ಟು ಕಂಡರೆ ಆ ಭಾಗವನ್ನು ಕತ್ತರಿಸಿ ತೆಗೆದು ಎರಡು ದಿನ ಗಾಳಿಯಾಡಲು ಬಿಡಿ; ಹನಿಯೇ ಕಟ್ಟದಿದ್ದರೆ ಎರಡು ಚಮಚ ನೀರು ಸೇರಿಸಿ. ಪ್ರತಿ ಬದಲಾವಣೆಯನ್ನೂ ದಿನಾಂಕದೊಂದಿಗೆ ಅದೇ ಪುಸ್ತಕದಲ್ಲಿ ಬರೆಯುತ್ತಾ ಹೋಗಿ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ.